ಸಾರು ಸಾಕು, ದವಾ ಬಂದ್

ಅತ್ತೆ, ಅನುವಿನ ಎಡಗಿವಿ ಮಂದವಾದದ್ದು ನಿಮ್ಮಿಂದಲ್ಲ. ಮದ್ದು ನಿಲ್ಲಿಸಿದ್ದು ನಾನು — ತಿಳಿದೂ ತಿಳಿದೂ. ನೀವು ನನ್ನನ್ನು ನಂಬಿದಿರಿ. ಆ ನಂಬಿಕೆಯ ಹಿಂದೆಯೇ ನಾನು ಅಡಗಿಕೊಂಡೆ.

ನೀವು ಉಡುಪಿಯಿಂದ ಗುಜರಾತಿನ ನಮ್ಮ ಫ್ಲಾಟಿಗೆ ಬಂದ ಹೊಸತು. ಅನುವಿಗೆ ಮತ್ತೆ ಕಿವಿನೋವು, ಜ್ವರ. ಬೋಡಕ್‌ದೇವ್‌ನ ಕಿವಿ ಡಾಕ್ಟರು ಆಂಟಿಬಯೋಟಿಕ್ ಬರೆದರು. ಹೊಟ್ಟೆ ಕೆಡದಿರಲೆಂದು ಜೊತೆಗೆ ಪ್ರೊಬಯೋಟಿಕ್ ಪುಡಿ. ಮಗು ನಿಮ್ಮ ಮಡಿಲಲ್ಲಿತ್ತು, ಹಾಗಾಗಿ ಗುಜರಾತಿಯಲ್ಲಿ ನಿಮಗೇ ಹೇಳಿದರು — "ಬಾ, ಸಾರೂ ಥಾಯ್ ತೋ ಪಣ್ ದವಾ ಬಂಧ್ ನಹೀಂ ಕರತಾ." ಅಮ್ಮಾ, ಹುಷಾರಾದರೂ ಮದ್ದು ನಿಲ್ಲಿಸಬೇಡಿ, ಎಂದು.

ಆಟೋದಲ್ಲಿ ನೀವು ಎಷ್ಟು ಖುಷಿಯಾಗಿದ್ದಿರಿ. "ಒಳ್ಳೆ ಡಾಕ್ಟರು ಮಾರಾಯ್ತಿ. ಸಾರು ಕೊಟ್ರೆ ಸಾಕು, ದವಾ ಬಂದ್ ಅಂದ್ರಲ್ಲ."

ನಗು ಬಂತು. ತಿದ್ದಬೇಕಿತ್ತು, ತಿದ್ದಲಿಲ್ಲ — ನಿಮ್ಮ ಆ ಮಾತು ನನಗೆ ಬೇಕಾಗಿತ್ತು. ಕೆಳಗಿನ ಮಹಡಿಯ ಹೇತಲ್‌ಬೆನ್ ಆಗಲೇ ನನ್ನ ಕಿವಿಯೂದಿದ್ದಳು. ಕಿವಿ, ಮೂಗು, ಗಂಟಲಿಗೆಂದೇ ಒಳ್ಳೆಯ ಬ್ಯಾಕ್ಟೀರಿಯಾದ ಚೀಪುವ ಮಾತ್ರೆ ಮಾರುತ್ತಿದ್ದಳು. ಆಂಟಿಬಯೋಟಿಕ್ ಬದಲು ಇದನ್ನೇ ಕೊಡಿ ಎಂದಿದ್ದಳು. ಜ್ವರ ಇಳಿದದ್ದೇ ಗುಲಾಬಿ ಬಣ್ಣದ ಮದ್ದನ್ನು ಸಿಂಕಿಗೆ ಸುರಿದೆ. ಅವಳ ಮಾತ್ರೆ ಚೀಪಿಸಿದೆ. ನೀವು ಮೆಣಸಿನ ಸಾರು ಮಾಡಿ, ಆರಿಸಿ ಆರಿಸಿ ಕುಡಿಸಿದಿರಿ.

ಕಿವಿ ಸೋರಿತು. ದಿಂಬಿನ ಮೇಲೆ ಹಳದಿ ಕಲೆ. ಕಿವಿಯ ತಮಟೆಯಲ್ಲಿ ತೂತಾಗಿದೆ ಎಂದರು ಡಾಕ್ಟರು. ಮದ್ದು ಯಾಕೆ ನಿಂತಿತು ಎಂದು ನಿಮ್ಮ ಮಗ ಅಡುಗೆಮನೆಗೆ ಬಂದು ಕೇಳಿದರು.

"ಡಾಕ್ಟರೇ ಹೇಳಿದ್ದಲ್ವಾ, ಸಾರು ಸಾಕು ಅಂತ?" ಎಂದಿರಿ ನೀವು.

"ಅಮ್ಮಾ, ಇಲ್ಲಿ ಸಾರೂ ಅಂದ್ರೆ ಹುಷಾರು ಅಂತ. ಅನ್ನಕ್ಕೆ ಹಾಕೋ ಸಾರಲ್ಲ."

ಸೌಟು ನಿಮ್ಮ ಕೈಯಲ್ಲೇ ನಿಂತಿತು. ನನ್ನ ಕಡೆ ತಿರುಗಿದಿರಿ. "ನೀನಿದ್ದಿಯಲ್ಲ ಅಲ್ಲಿ?"

"ನಂಗೆ ಕೇಳಿಸ್ಲಿಲ್ಲ, ಅತ್ತೆ."

ಅಷ್ಟೇ ಅಂದದ್ದು. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಒಮ್ಮೆಯೂ ನಿಂತವಳಲ್ಲ.

ಹೇತಲ್‌ಬೆನ್ ಹತ್ತಿರ ಹೋದೆ. "ಮದ್ದಿನ ಜೊತೆಗೆ ಕೊಡಿ ಎಂದಿದ್ದೆ, ಬದಲಿಗೆ ಎಂದೆನಾ?" ಎಂದು ಅವಳು ಬಾಗಿಲು ಹಾಕಿಕೊಂಡಳು. ಮೋಸ ಹೋದೆ ಎಂದು ಮನೆಗೆ ಬಂದು ಬಿಕ್ಕಿದೆ. ಕಾರಣ ಹೇಳಲಿಲ್ಲ. ನೀವು ನನ್ನ ಬೆನ್ನು ಸವರಿದಿರಿ — "ನನ್ನಿಂದ ಆದದ್ದು. ನೀ ಎಂತಕ್ಕೆ ಅಳ್ತಿ?" ಅವಳು ನನಗೆ ಮಾಡಿದ್ದು ಮೋಸವಾದರೆ, ಆ ಹೊತ್ತಿನಲ್ಲಿ ನಿಮ್ಮ ಕೈಕೆಳಗೆ ಬೆನ್ನೊಡ್ಡಿ ಕೂತು ನಾನು ಮಾಡಿದ್ದಕ್ಕೆ —

ಆಪರೇಷನ್ ಆದರೂ ಆ ಕಿವಿ ಪೂರ್ತಿ ಸರಿಯಾಗಲಿಲ್ಲ. ಬಂದವರಿಗೆಲ್ಲ ನಿಮ್ಮ ಮಗ "ಅಮ್ಮನ ಸಾರು" ಎಂದು ತಮಾಷೆ ಮಾಡುತ್ತಿದ್ದರು. ನೀವೂ ನಗುತ್ತಿದ್ದಿರಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. ನಾನು ಹಪ್ಪಳ ಕರಿದು ತರುತ್ತಿದ್ದೆ.

ಆ ತಮಾಷೆ ಕೇಳುತ್ತಲೇ ಬೆಳೆದ ಅನುವಿಗೆ ಮೊನ್ನೆ ತಲೆನೋವು. ನೀವು ಮಾತ್ರೆ, ನೀರು ತಂದಿರಿ. "ಅಜ್ಜಿ, ನೀವು ಬೇಡ ಪ್ಲೀಸ್. ಮಮ್ಮಾ ಕೊಡ್ಲಿ," ಎಂದಳು. ನೀವು ಮಾತ್ರೆಯನ್ನು ನನ್ನ ಅಂಗೈಗೆ ಹಾಕಿದಿರಿ. ನನ್ನ ಕೈಯಿಂದ — ನನ್ನ ಕೈಯಿಂದ ಅವಳು ನುಂಗಿದಳು.

ಈ ಕಾಗದವನ್ನು ಮೊದಲು ಅವಳಿಗೇ ಓದಿ ಹೇಳುತ್ತೇನೆ, ನಿಮ್ಮ ಮಗನ ಎದುರಿಗೆ. ಅವಳಿಗೆ ಕನ್ನಡ ಓದಲು ಬಾರದು. ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ, ಅತ್ತೆ. ಕೇಳಿದರೆ ನೀವು ಕೊಟ್ಟೇಬಿಡುತ್ತೀರಿ.