ಓಬಳೇಶಪ್ಪ ಕತ್ತರಿ ಹಾಕದ ರೀಲು

ಓಬಳೇಶಪ್ಪ ಸಿನಿಮಾ ನೋಡುತ್ತಿದ್ದದ್ದು ಬೆರಳಿನಿಂದ. ಕಣ್ಣು ಮುಚ್ಚಿಕೊಂಡು, ಎಡಗೈಯ ಎರಡು ಬೆರಳ ನಡುವೆ ಫಿಲ್ಮಿನ ಅಂಚು ಹಿಡಿದು, ಬಲಗೈಯಿಂದ ರೀಲು ಸುತ್ತುತ್ತಾ ಕೂರುತ್ತಿದ್ದ. ಅಂಚಿನ ಒಂದು ತೂತು ಹರಿದಿದ್ದರೂ ಸಾಕು, ಕೈ ತಟ್ಟನೆ ನಿಲ್ಲುತ್ತಿತ್ತು. "ಇಲ್ಲೈತೆ ನೋಡಿ ಸಾರ್, ಗಾಯ" ಎನ್ನುತ್ತಿದ್ದ. ಊರು ಕಲ್ಯಾಣದುರ್ಗ, ಕೆಲಸ ಹಿಂದೂಪುರದ ಟಾಕೀಸಿನಲ್ಲಿ ಆಪರೇಟರ್. ತೆರೆಯ ಮೇಲೆ ನಾಯಕಿ ಅತ್ತರೂ ನಕ್ಕರೂ ಅವನಿಗೆ ಅಷ್ಟೇ. ಮೆಷಿನ್ನಿನ ಸದ್ದು ಕೊಂಚ ಬದಲಾದರೆ ಮಾತ್ರ ಹುಬ್ಬು ಗಂಟಾಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ ನಾವು ಕೆಲವು ಮೇಷ್ಟರು ಸೇರಿ ಭಾನುವಾರ ಬೆಳಿಗ್ಗೆ ಅಲ್ಲಿ ಹಳೆಯ ಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ತೋರಿಸುತ್ತಿದ್ದೆವು. ನಾನು ಕಾರ್ಯದರ್ಶಿ. ಪ್ರಿಂಟುಗಳನ್ನು ಎರವಲು ತರುವ ಜವಾಬ್ದಾರಿ ನನ್ನದು, ಹೆದರುವ ಜವಾಬ್ದಾರಿಯೂ ನನ್ನದೇ.

ಒಮ್ಮೆ ಕಂಬದೂರು ಕಡೆಯ ಕುರಿಗಾಹಿಗಳ ಬಗ್ಗೆ ಬಹಳ ಹಿಂದೆ ತೆಗೆದ ಸಾಕ್ಷ್ಯಚಿತ್ರ ಬಂತು. ಶನಿವಾರವೇ ಸೆಟ್ಟೂರಿನಿಂದ ಹನುಮಕ್ಕ ಎಂಬ ಮುದುಕಿ ಟಾಕೀಸು ಹುಡುಕಿಕೊಂಡು ಬಂದಳು. ಅವಳ ಗಂಡ ಅದರಲ್ಲಿ ಉಣ್ಣೆ ಕತ್ತರಿಸುತ್ತಾನಂತೆ. ಅವನು ಸತ್ತು ಬಹಳ ಕಾಲವಾಗಿತ್ತು. ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ.

"ಮಖ ಮರ್ತೋಯ್ತಾ ಐತೆ ಕಣಪ್ಪ. ಎಡಗೈಲಿ ಕತ್ರಿ ಹಿಡ್ದಿರೋನೇ ಅವ್ನು. ಒಂದ್ಸಲ ನೋಡ್ಕೊಂಡು ಹೋಯ್ತೀನಿ" ಎಂದಳು.

ಭಾನುವಾರ ಬೆಳಿಗ್ಗೆ ರೀಲು ಸುತ್ತುತ್ತಿದ್ದ ಓಬಳೇಶಪ್ಪನ ಕೈ ನಿಂತಿತು. ಎರಡು ಮಾರುದ್ದಕ್ಕೆ ತೂತುಗಳೆಲ್ಲ ಹರಿದಿದ್ದವು. ಭೂತಗನ್ನಡಿ ಹಿಡಿದು ನೋಡಿದ. ಎಡಗೈಯಲ್ಲಿ ಕತ್ತರಿ ಹಿಡಿದವನು ಸರಿಯಾಗಿ ಅಲ್ಲೇ ಇದ್ದ. ಅಂಥ ಫಿಲ್ಮು ಮೆಷಿನ್ನಿನಲ್ಲಿ ಸಿಕ್ಕಿಕೊಂಡರೆ ದೀಪದ ಕಾವಿಗೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

"ಕತ್ತರಿಸಿ ಎಸೆದುಬಿಡು" ಎಂದೆ. ಹಾಳಾದ ತುಂಡು ತೆಗೆದರೆ ಯಾರೂ ಏನೂ ಅನ್ನುವುದಿಲ್ಲ. ರೀಲು ಸುಟ್ಟರೆ ನಮಗೆ ಇನ್ನೊಂದು ಚಿತ್ರ ಸಿಗುವುದಿಲ್ಲ.

"ಎಸ್ದುಬುಟ್ರೆ ಆಯಮ್ಮಂಗೆ ಏನ್ ತೋರಿಸ್ಲಿ ಸಾರ್, ಬರೀ ಕುರೀನಾ?"

ಬ್ಲೇಡು, ಟೇಪು ಹಿಡಿದು ಒಂದೊಂದೇ ತೂತಿಗೆ ತೇಪೆ ಹಾಕುತ್ತಾ ಕೂತುಬಿಟ್ಟ. ಷೋ ಅರ್ಧ ಗಂಟೆ ತಡವಾಯಿತು. ಜನ ಸೀಟಿ ಹೊಡೆದರು. ನಾನು ಮೂರು ಸಲ ಮೆಟ್ಟಿಲು ಹತ್ತಿ ಬೈದು ಇಳಿದೆ, ಅವನು ತಲೆಯೆತ್ತಲಿಲ್ಲ.

ಆ ರೀಲು ಓಡುವಾಗ ಕ್ಯಾಬಿನ್ನಿನಲ್ಲೇ ನಿಂತೆ. ಓಬಳೇಶಪ್ಪ ಒಂದು ಕೈ ಸ್ವಿಚ್ಚಿನ ಮೇಲಿಟ್ಟು, ಕಿವಿಯನ್ನು ಮೆಷಿನ್ನಿನ ಹತ್ತಿರ ತಂದಿದ್ದ. ತೇಪೆಗಳು ಕಟಕಟ ಸದ್ದು ಮಾಡುತ್ತಾ ಹಾಯತೊಡಗಿದವು. ಕೆಳಗಿನಿಂದ ಹನುಮಕ್ಕನ ಕೂಗು ಕೇಳಿತು: "ಅವ್ನೇ! ನಿಲ್ಸಪ್ಪಾ, ಒಂದ್ ಗಳಿಗೆ ನಿಲ್ಸು!"

"ಆಪಂಡಿ, ಆಪಂಡಿ" ಎಂದು ಜನವೂ ತೆಲುಗಿನಲ್ಲಿ ದನಿಗೂಡಿಸಿದರು.

"ನಿಲ್ಸಿದ್ರೆ ಸುಟ್ಟೋಯ್ತಾನೆ ಕಣಮ್ಮ" ಎಂದು ಓಬಳೇಶಪ್ಪ ಗೊಣಗಿದ. ಮೆಷಿನ್ನು ನಿಲ್ಲಲಿಲ್ಲ. ಗಂಡ ಬಂದ, ಹೋದ.

ನಮ್ಮಲ್ಲಿದ್ದದ್ದು ಒಂದೇ ಮೆಷಿನ್ನು. ರೀಲು ಬದಲಿಸಲು ದೀಪ ಹಾಕಿದ ಕೂಡಲೇ ಮುದುಕಿ ಏದುಸಿರು ಬಿಡುತ್ತಾ ಮೇಲೆ ಬಂದಳು. ಓಬಳೇಶಪ್ಪ ಮುಗಿದ ರೀಲನ್ನು ಹಿಂದಕ್ಕೆ ಸುತ್ತಿ, ಆ ಜಾಗವನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಭೂತಗನ್ನಡಿ ಕೊಟ್ಟ.

"ಇವ್ನಲ್ಲ. ಇವ್ನು ಬಲಗೈನೋನು."

ಫಿಲ್ಮನ್ನು ಹಿಂಬದಿಯಿಂದ ನೋಡಿದರೆ ಎಡ ಬಲವಾಗಿ ಕಾಣುತ್ತದೆ. ಓಬಳೇಶಪ್ಪ ಅದನ್ನು ಮಗ್ಗುಲು ಬದಲಿಸಿ ಹಿಡಿದ. "ಈಗ ನೋಡಮ್ಮ."

ನೋಡಿದಳು. ಜನ ಮತ್ತೆ ಸೀಟಿ ಹೊಡೆದರೂ ನೋಡುತ್ತಲೇ ಇದ್ದಳು. ಆಮೇಲೆ, "ಉಗುರಷ್ಟು ಕೊಡಪ್ಪ, ಮನೇಲಿ ಇಟ್ಕೊಂತೀನಿ" ಎಂದಳು.

ಓಬಳೇಶಪ್ಪ ಬ್ಲೇಡು ಕೈಗೆತ್ತಿಕೊಂಡ. ಫಿಲ್ಮಿನ ಮೇಲೆ ಇಟ್ಟೂ ಬಿಟ್ಟಿದ್ದ. ಅಷ್ಟರಲ್ಲಿ ನನ್ನ ಕಡೆ ತಿರುಗಿದ. "ಏನ್ಮಾಡ್ಲಿ ಸಾರ್?"

"ಬೇಡ. ಎರವಲು ತಂದದ್ದು" ಎಂದೆ.

ಬೆಳಿಗ್ಗೆ ಎರಡು ಮಾರು ಎಸೆಯಲು ಹೇಳಿದ್ದವನೂ ನಾನೇ. ಹನುಮಕ್ಕ ಭೂತಗನ್ನಡಿ ವಾಪಸು ಕೊಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಮೇಲೆ ಟಾಕೀಸು ಮುಚ್ಚಿತು. ಓಬಳೇಶಪ್ಪನಿಗೆ ಕಾಯಿಲೆ ಎಂದು ಕೇಳಿ ಕಲ್ಯಾಣದುರ್ಗಕ್ಕೆ ಹೋದೆ. ಅದೇ ನಮ್ಮ ಕೊನೆಯ ಭೇಟಿ. ಮಂಚದ ಮೇಲೆ ಎದ್ದು ಕೂತು ಹೆಂಡತಿಗೆ ಟೀ ಮಾಡಲು ಹೇಳಿದ. ಅವತ್ತಿನ ಮಾತು ನಾನೇ ಎತ್ತಿ, ತಪ್ಪು ಮಾಡಿಬಿಟ್ಟೆ ಎಂದೆ.

"ನಿಮ್ದೇನಿಲ್ಲ ಬಿಡಿ ಸಾರ್" ಎಂದ. "ಬ್ಲೇಡು ನನ್ ಕೈಲಿತ್ತು. ನಿಮ್ಮನ್ನ ಕೇಳ್ಬುಟ್ನಲ್ಲ, ಅದೇ ನನ್ ತಪ್ಪು."