ಆಸಿಡ್ ಆದರೆ ಮಡಿ

ನಮ್ಮ ಮನೆಗೆ ಸ್ಯಾಲಡ್ ಬಂದದ್ದು ಒಂದು ಜಾತಕದ ಜೊತೆಯಲ್ಲಿ. ಅರವತ್ತರ ದಶಕದ ಆರಂಭ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅವುಗಳಲ್ಲಿ ಯಡಿಯೂರಿನ ಎಮ್ಮೆಗಳು ಮೇಯುತ್ತಿದ್ದವು. ಎಲೆಯನ್ನು ಹಸಿಹಸಿಯಾಗಿ ತಿನ್ನುವವರೆಂದರೆ ನಮಗೆ ಗೊತ್ತಿದ್ದದ್ದು ಅವು ಮಾತ್ರ.

ಜಾತಕ ತಂದವರು ನನ್ನ ಸೋದರತ್ತೆ, ಅಪ್ಪನ ತಂಗಿ. ಮದುವೆಯಾಗಿ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಮನೆ ಮಾಡಿದ್ದ ಅವರು ಜಯನಗರಕ್ಕೆ ಬಂದಾಗಲೆಲ್ಲ ಸೀರೆಯ ನೆರಿಗೆ ಎತ್ತಿಕೊಂಡೇ ನಡೆಯುತ್ತಿದ್ದರು. ನಮ್ಮ ರಸ್ತೆಗೆ ಟಾರು ಬಿದ್ದಿರಲಿಲ್ಲ ಎನ್ನುವುದೂ ನಿಜ. ಹುಡುಗ ಇಂಜಿನಿಯರು, ಇಂಗ್ಲೆಂಡಿನಲ್ಲಿ ಎರಡು ವರ್ಷ ಇದ್ದು ಬಂದವನು, ಮನೆಯಲ್ಲಿ ಕಾರಿದೆ, ಕಲ್ಕತ್ತದಲ್ಲಿ ಕೆಲಸ ಕಾದಿದೆ. ಮಾಘದಲ್ಲೇ ಮದುವೆ ಮುಗಿಸಿ ಹೆಂಡತಿಯನ್ನು ಕರೆದುಕೊಂಡೇ ಹೋಗಬೇಕೆಂದು ಅವನ ತಾಯಿಯ ಹಟ. ಅದರ ಜೊತೆಗೆ ಇನ್ನೊಂದು ಸಣ್ಣ ಮಾತು: ಹುಡುಗನಿಗೆ ಊಟಕ್ಕೆ ಸ್ಯಾಲಡ್ ಇಲ್ಲದೆ ಆಗುವುದಿಲ್ಲ, ಹುಡುಗಿಗೆ ಮಾಡಲು ಬರುತ್ತದೆಯೋ ಇಲ್ಲವೋ ನೋಡುತ್ತಾರೆ.

ನನಗಿಂತ ಮೊದಲಿನ ಹುಡುಗಿಯರು ಇಂಥ ಸಂದರ್ಭದಲ್ಲಿ ಒಂದು ದೇವರನಾಮ ಹೇಳಿ ಪಾರಾಗುತ್ತಿದ್ದರು. ಶ್ರುತಿ ತಪ್ಪಿದರೆ ನೆಗಡಿಯ ನೆಪ ಇತ್ತು. ಸ್ಯಾಲಡ್ಡಿಗೆ ಯಾವ ನೆಪ ಹೇಳುವುದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ರಸಾಯನಶಾಸ್ತ್ರ ನನ್ನ ವಿಷಯ, ಪರೀಕ್ಷೆ ಏಪ್ರಿಲ್‌ನಲ್ಲಿ. ಮಾಘದಲ್ಲಿ ಮದುವೆಯಾಗಿ ಕಲ್ಕತ್ತಕ್ಕೆ ಹೋದರೆ ಡಿಗ್ರಿಗೆ ಎಳ್ಳುನೀರು ಬಿಟ್ಟಂತೆಯೇ. ದಿನವೂ ಸೌತ್ ಎಂಡ್‌ವರೆಗೆ ಧೂಳಿನಲ್ಲಿ ನಡೆದು, ಬಸ್ಸಿನಲ್ಲಿ ಜೋತಾಡಿ ಓದಿದವಳು ನಾನು. ನನಗೆ ಆ ಪರೀಕ್ಷೆ ಬೇಕಾಗಿತ್ತು. ಹುಡುಗನ ಮೇಲೆ ದ್ವೇಷವಿರಲಿಲ್ಲ, ಮದುವೆಯ ಮೇಲೂ ಇರಲಿಲ್ಲ. ಮೂರು ನಾಲ್ಕು ತಿಂಗಳು ತಡವಾಗಿ ಬಂದಿದ್ದರೆ ಕುಂಕುಮ ಕೊಟ್ಟು ಕೂರಿಸಿಕೊಳ್ಳುತ್ತಿದ್ದೆ. ಅಪ್ಪನಿಗೆ ಮೆಲ್ಲಗೆ ಹೇಳಿ ನೋಡಿದೆ.

“ಪರೀಕ್ಷೆ ಪ್ರತಿ ವರ್ಷ ಬರುತ್ತೆ ಕಣಮ್ಮ,” ಎಂದರು ಅಪ್ಪ. “ಇಂಥ ಹುಡುಗ ಪ್ರತಿ ವರ್ಷ ಬರ್ತಾನಾ?”

ಅಮ್ಮನನ್ನು ನೋಡಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುವುದರಲ್ಲಿ ಮುಳುಗಿದ್ದರು. ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳಾಗುವಾಗಲೆಲ್ಲ ಅಮ್ಮನ ಕೈಗೆ ಒಂದು ತರಕಾರಿ ಸಿಕ್ಕಿಬಿಡುತ್ತಿತ್ತು.

ಅಜ್ಜಿಯನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಅಪ್ಪನ ತಾಯಿ ಅವರು, ಅಡಿಗೆಮನೆಯ ಸರ್ವಾಧಿಕಾರಿ. ಅವರ ಮಡಿಯ ಮುಂದೆ ಈರುಳ್ಳಿ ಹೊಸ್ತಿಲು ದಾಟಿರಲಿಲ್ಲ. ಟೊಮೆಟೊ ಕೂಡ ಎಷ್ಟೋ ವರ್ಷ ಹೊರಗೇ ನಿಂತು, ನಡತೆ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಒಳಗೆ ಬಂದದ್ದು. ನಾನು ದೀಪ ಹಾಕಿಕೊಂಡು ಓದುತ್ತಿದ್ದರೆ “ಕರೆಂಟು ಸುಡ್ತಾಳೆ” ಎಂದು ಗೊಣಗುತ್ತಿದ್ದರು. ಅಪ್ಪ ದೀಪ ಆರಿಸಲು ಎದ್ದರೆ ಮಾತ್ರ, “ಇರಲಿ ಬಿಡೋ, ನಂದಿನ್ನೂ ಜಪ ಮುಗಿದಿಲ್ಲ” ಎನ್ನುತ್ತಿದ್ದರು. ಕಣ್ಣು ಮುಚ್ಚಿ ಮಾಡುವ ಜಪಕ್ಕೆ ದೀಪ ಯಾಕೆ ಬೇಕೆಂದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅತ್ತೆ ಸ್ಯಾಲಡ್ಡಿನ ವಿಧಾನವನ್ನು ದಂಡಿನ ಯಾವುದೋ ಹೆಂಗಸರ ಅಡಿಗೆ ಕ್ಲಾಸಿನಲ್ಲಿ ಕಲಿತಿದ್ದರು. ತರಕಾರಿ ಹೆಚ್ಚುವುದು ದೊಡ್ಡದಲ್ಲವಂತೆ, ಮೇಲೆ ಹಾಕುವ ಡ್ರೆಸ್ಸಿಂಗೇ ಅದರ ಪ್ರಾಣವಂತೆ. ವಿನೆಗರ್ ಒಂದು ಪಾಲು, ಆಲಿವ್ ಎಣ್ಣೆ ಮೂರು ಪಾಲು, ಉಪ್ಪು, ಮೆಣಸಿನ ಪುಡಿ, ಸಾಸಿವೆ.

“ನಿಂಬೆಹಣ್ಣು ಹಿಂಡಿದ್ರೆ ಆಗಲ್ವೇನೇ?” ಎಂದರು ಅಮ್ಮ.

“ನಿಂಬೆಹಣ್ಣು ಹಿಂಡಿದ್ರೆ ಅದು ಕೋಸಂಬರಿ ಅತ್ತಿಗೆ,” ಎಂದರು ಅತ್ತೆ. “ವಿನೆಗರ್ ಹಾಕಿದ್ರೆ ಸ್ಯಾಲಡ್.” ಎರಡು ನಾಗರಿಕತೆಗಳ ನಡುವಿನ ವ್ಯತ್ಯಾಸವನ್ನು ಅಷ್ಟು ಚುಟುಕಾಗಿ ನನಗೆ ಕಾಲೇಜಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆಲಿವ್ ಎಣ್ಣೆ ಸಿಕ್ಕುತ್ತಿದ್ದದ್ದು ಔಷಧದ ಅಂಗಡಿಯಲ್ಲಿ. ಎಳೆಗೂಸಿನ ಮೈಗೆ ಹಚ್ಚಲು ಡಾಕ್ಟರು ಬರೆದುಕೊಡುವ ಪುಟ್ಟ ಸೀಸೆ ಅದು. ಅಪ್ಪ ಹೋಗಿ ದೊಡ್ಡದೇ ಇದ್ದರೆ ಕೊಡಿ ಎಂದಾಗ ಅಂಗಡಿಯವನು, “ಮನೇಲಿ ಮಗುವಾ ಸಾರ್?” ಎಂದು ಸಂತೋಷದಿಂದ ವಿಚಾರಿಸಿದನಂತೆ. ಹೆಣ್ಣು ನೋಡಲು ಬರುವವರಿದ್ದಾರೆ, ಅವರ ಊಟಕ್ಕೆ ಎಂದು ಹೇಳುವುದು ಹೇಗೆ? ಅಪ್ಪ “ಹೌದು” ಎಂದು ಬಂದರು. ನಮ್ಮ ಬ್ಲಾಕಿನ ಒಬ್ಬಿಬ್ಬರು ಅಮ್ಮನನ್ನು ಕೆಲವು ದಿನ ವಿಶೇಷ ಕುತೂಹಲದಿಂದ ನೋಡಿದರು.

ವಿನೆಗರ್ ಬಾಟಲಿಯನ್ನು ಅತ್ತೆಯೇ ತಂದರು. ಅದು ನಡುಮನೆಯವರೆಗೆ ಬಂತು, ಅಲ್ಲಿ ಅಜ್ಜಿ ತಡೆದರು.

“ಏನೋ ಇದು?”

“ಹಣ್ಣಿನ ಹುಳಿ ಅಮ್ಮ,” ಎಂದರು ಅಪ್ಪ. ಸುಳ್ಳು ಹೇಳುವಾಗ ಅಪ್ಪ ಜನಿವಾರ ಸರಿಮಾಡಿಕೊಳ್ಳುತ್ತಿದ್ದರು.

ಅಜ್ಜಿ ದೂರದಿಂದಲೇ ಮುಚ್ಚಳ ತೆಗೆಸಿ ವಾಸನೆ ನೋಡಿದರು. “ಹಣ್ಣು ಕೊಳೆತು ಹುಳಿಯಾದ್ರೆ ಅದಕ್ಕೆ ಹೆಂಡ ಅಂತಾರೆ. ನನ್ನ ಅಡಿಗೆಮನೆಗೆ ಇದು ಬಂದ್ರೆ ನಾನು ಬೀದಿಗೆ ಹೋಗ್ತೀನಿ.”

ಅತ್ತೆ ಅಳುಮೋರೆ ಮಾಡಿದರು. ಅಪ್ಪ ನನ್ನ ಕಡೆ ತಿರುಗಿ, “ನೀನು ಓದಿದೋಳಲ್ವಾ, ಏನಾದ್ರೂ ಹೇಳೇ,” ಎಂದರು. ನನ್ನ ಓದಿನಿಂದ ಮನೆಗೆ ಉಪಯೋಗವಾಗಬಹುದೆಂದು ಯಾರಿಗಾದರೂ ಅನಿಸಿದ್ದು ಅದೇ ಮೊದಲು. ಬಾಟಲಿಯ ಚೀಟಿ ಓದಿದೆ. ಅಗ್ಗದ ಬಾಟಲಿ ಅದು, ಹೆಂಡದಿಂದ ಮಾಡಿದ್ದಲ್ಲ; ಕಾರ್ಖಾನೆಯ ಅಸಿಟಿಕ್ ಆಸಿಡ್ಡಿಗೆ ನೀರು ಬೆರೆಸಿದ್ದು. ಇದ್ದದ್ದನ್ನು ಇದ್ದಂತೆ ಹೇಳಿದೆ. ಆಸಿಡ್ ಎಂದ ಮೇಲೆ ಅಜ್ಜಿ ಬಾಟಲಿಯನ್ನು ಚರಂಡಿಗೆ ಸುರಿಸುತ್ತಾರೆ, ಅಲ್ಲಿಗೆ ಈ ಕಥೆ ಮುಗಿಯುತ್ತದೆ ಎಂದು ನನ್ನ ಲೆಕ್ಕಾಚಾರ.

“ಆಸಿಡ್ ಅಂದ್ರೆ, ನಿಮ್ಮ ಕಾಲೇಜಲ್ಲಿ ಇರೋದಾ?”

“ಹೌದಜ್ಜಿ.”

“ಅದನ್ನ ಯಾರಾದ್ರೂ ಕೈಯಿಂದ ಮುಟ್ಟಿರ್ತಾರಾ?”

“ನೀರು ಬೆರೆಸೋಕೆ ಮುಂಚೆ ಮುಟ್ಟಿದ್ರೆ ಕೈ ಸುಡುತ್ತೆ.”

“ಯಾರೂ ಮುಟ್ಟಿಲ್ಲ ಅಂದ್ರೆ ಮಡಿ,” ಎಂದು ಅಜ್ಜಿ ಒಂದು ಉದ್ಧರಣೆ ನೀರು ಪ್ರೋಕ್ಷಿಸಿ ಬಾಟಲಿಯನ್ನು ಒಳಗೆ ಬಿಟ್ಟುಕೊಂಡರು. ಹೆಂಡ ಕೂಡದು, ಆಸಿಡ್ ಆಗಬಹುದು. ಹೀಗೆ ನನ್ನ ವಿದ್ಯೆಯೇ ನನ್ನ ಕುತ್ತಿಗೆಗೆ ಬಂತು.

ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಬಾಗಿಲ ಬಳಿ ಕರೆದು ಕೇಳಿದರು: “ಹೆಂಡದಿಂದ ಮಾಡೋದೂ ಉಂಟೇನು?”

“ಉಂಟು. ದ್ರಾಕ್ಷಿ ಹೆಂಡದ್ದು. ದುಬಾರಿ. ಫಾರಿನ್‌ಗೆ ಹೋಗಿ ಬಂದವರು ಅದನ್ನೇ ಇಷ್ಟಪಡ್ತಾರಂತೆ.”

“ಹೂಂ,” ಎಂದು ಜಪಕ್ಕೆ ಕುಳಿತರು.

ಗಂಡಿನವರು ಬರುವ ಹಿಂದಿನ ದಿನ ಒಂದು ಪರೀಕ್ಷಾರ್ಥ ಪ್ರಯೋಗ ನಡೆಯಿತು. ಅತ್ತೆ ಹೇಳಿದ ಅಳತೆಯಂತೆ ಅಮ್ಮ ಎಣ್ಣೆ, ವಿನೆಗರ್ ಬೆರೆಸಿದರು. ಎಣ್ಣೆ ಮೇಲೆ ಹೋಯಿತು, ವಿನೆಗರ್ ಕೆಳಗೆ ನಿಂತಿತು. ಎಷ್ಟು ಕಲಕಿದರೂ ಬೇರೆ ಮನೆ ಮಾಡಿದ ಓರಗಿತ್ತಿಯರಂತೆ ಮತ್ತೆ ಬೇರೆಯಾಗುತ್ತಿದ್ದವು. ಅಮ್ಮನಿಗೆ ತಪ್ಪು ಎಲ್ಲಿದೆ ಎಂದು ಒಡನೆಯೇ ಹೊಳೆಯಿತು: ಎಣ್ಣೆ ಕಾಯಿಸಿಲ್ಲ. ಸಾಸಿವೆ ಎಂದ ಮೇಲೆ ಸಿಡಿಸದೆ ಹಾಕುವುದುಂಟೇ? ನಾನು ಬೇಡ ಎನ್ನುವಷ್ಟರಲ್ಲಿ ಒಗ್ಗರಣೆ ಸೌಟಿನಲ್ಲಿ ಆಲಿವ್ ಎಣ್ಣೆ ಕಾದು, ಸಾಸಿವೆ ಸಿಡಿದು, ಇಂಗು ಬಿದ್ದು, ಎಲ್ಲವೂ ಸುಂಯ್ ಎಂದು ವಿನೆಗರ್‌ಗೆ ಇಳಿಯಿತು.

ಎದ್ದ ಘಾಟಿಗೆ ಮನೆಯವರೆಲ್ಲ ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಬಂದೆವು. ಖಾಲಿ ಸೈಟಿನ ಎಮ್ಮೆ ಕೂಡ ತಲೆಯೆತ್ತಿ ನೋಡಿತು. ಅತ್ತೆ ಕೆಮ್ಮುತ್ತಲೇ, “ಇಂಗ್ಲೆಂಡಲ್ಲಿ ಇಂಗು ಹಾಕಲ್ಲ ಅತ್ತಿಗೆ,” ಎಂದರು.

ಒಲ್ಲದ ಮನಸ್ಸಿನಿಂದಲೇ ನಾನು ಹೇಳಿದೆ: ಸಾಸಿವೆಯನ್ನು ಹಸಿಯಾಗಿ ಅರೆದು ಹಾಕಬೇಕು, ಆಗ ಅದು ಎಣ್ಣೆಯನ್ನೂ ಹುಳಿಯನ್ನೂ ಹಿಡಿದುಕೊಳ್ಳುತ್ತದೆ. ಯಾಕೆ ಹೇಳಿದೆನೋ. ಮದುವೆ ತಪ್ಪಬೇಕೆಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದವಳಿಗೂ ಗೊತ್ತಿರುವ ಉತ್ತರ ಹೇಳದೆ ಇರಲು ಆಗಲಿಲ್ಲ.

“ಯಾಕೆ ಹಿಡ್ಕೊಳ್ಳುತ್ತೆ?” ಎಂದು ಅಜ್ಜಿ ಕೇಳಿದರು. ಎಣ್ಣೆಯ ಸಣ್ಣ ಸಣ್ಣ ಹನಿಗಳ ಸುತ್ತ ಸಾಸಿವೆಯ ಪುಡಿ ಕಾವಲು ನಿಲ್ಲುತ್ತದೆ, ಹನಿಗಳು ಮತ್ತೆ ಒಂದಾಗಲು ಬಿಡುವುದಿಲ್ಲ ಎಂದೆ. ಅಜ್ಜಿ ಒರಳಿನ ಮುಂದೆ ಕುಳಿತು ತಾವೇ ಸಾಸಿವೆ ಅರೆದರು. ಅರೆಯುತ್ತ ಅರೆಯುತ್ತ ಮಜ್ಜಿಗೆ ಯಾಕೆ ಒಡೆಯುತ್ತದೆ, ಹಿತ್ತಾಳೆಗೆ ಕಲಾಯಿ ಇಲ್ಲದಿದ್ದರೆ ಹುಳಿ ಯಾಕೆ ಹಸಿರಾಗುತ್ತದೆ ಎಂದು ಒಂದಾದ ಮೇಲೊಂದು ಕೇಳಿದರು. ಎಲ್ಲಕ್ಕೂ ಉತ್ತರ ಹೇಳಿದೆ. ಯಾವ ಪ್ರೊಫೆಸರೂ ನನ್ನನ್ನು ಅಷ್ಟು ಗಮನ ಕೊಟ್ಟು ಕೇಳಿರಲಿಲ್ಲ. ಉಪ್ಪಿನಕಾಯಿ ಕಲಸುವ ಕಲ್ಲಿನ ಮರಿಗೆಯಲ್ಲಿ ಡ್ರೆಸ್ಸಿಂಗ್ ಹಾಲುಗೆನೆಯ ಬಣ್ಣಕ್ಕೆ ಬಂದು ಕೂಡಿಕೊಂಡಿತು. ನಾನು ಮುಖ ಆಚೆ ತಿರುಗಿಸಿಕೊಂಡೆ. ಅಷ್ಟು ಚೆನ್ನಾಗಿ ಬಂದಿತ್ತು.

ಮರುದಿನ ಅವರು ಮಧ್ಯಾಹ್ನದ ಊಟಕ್ಕೇ ಬಂದರು. ಹುಡುಗ, ಅವನ ತಾಯಿ, ಜೊತೆಗೆ ಅತ್ತೆ. ಬಾಳೆಲೆಯ ಮೇಲೆ ಸ್ಯಾಲಡ್ಡಿನ ಜಾಗ ಯಾವುದೆಂದು ಬೆಳಿಗ್ಗೆಯಿಂದ ವಾದ ನಡೆದು, ಕೊನೆಗೆ ಕೋಸಂಬರಿಯ ಜಾಗವನ್ನೇ ಅದಕ್ಕೆ ಬಿಟ್ಟುಕೊಟ್ಟಿದ್ದಾಗಿತ್ತು. ನಾನು ಬಡಿಸಿದೆ. ಡ್ರೆಸ್ಸಿಂಗಿಗೆ ಎಲೆಯ ಶಿಸ್ತು ಗೊತ್ತಿರಲಿಲ್ಲ; ಅದು ಪಲ್ಯವನ್ನು ಸುತ್ತಿ ಪಾಯಸದ ಕಡೆಗೆ ಹೊರಟಿತು. ಹುಡುಗ, ಅತ್ತೆ ತಂದಿದ್ದ ಫೋರ್ಕಿನಿಂದ ಬಾಳೆಲೆಗೆ ನಾಲ್ಕು ತೂತು ಮಾಡಿ ಒಂದು ಸೌತೆಕಾಯಿ ಎತ್ತಿದ.

“ಚೆನ್ನಾಗಿದೆ,” ಎಂದ. “ಪರವಾಗಿಲ್ಲ, ಇಂಡಿಯಾದಲ್ಲಿ ಇಷ್ಟು ಬಂದ್ರೆ ಹೆಚ್ಚು.”

ಅವನ ತಾಯಿ ಅಮ್ಮನ ಕಡೆ ನೋಡಿ ನಕ್ಕರು. “ಇನ್ನೇನು ಬೇಕು ಹೇಳಿ? ಇಷ್ಟು ಕಲಿತಿದಾಳೆ, ಸಾಕಲ್ಲ. ಆ ಪರೀಕ್ಷೆ ಗಿರೀಕ್ಷೆ ಎಲ್ಲ ಯಾಕೆ, ಸುಮ್ಮನೆ ತಲೆನೋವು.”

ಅಪ್ಪನ ಮುಖ ಅರಳಿತು. ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಬೇಡ ಎಂದು ಬಾಯಿ ಬಿಟ್ಟು ಹೇಳಬೇಕೆಂದುಕೊಂಡೆ, ಆಗಲಿಲ್ಲ. ಸಾರು ಬೇಕಾ ಎಂದಷ್ಟೇ ಕೇಳಿದೆ.

ಆಗ ಅಡಿಗೆಮನೆಯ ಬಾಗಿಲ ಹಿಂದಿನಿಂದ ಅಜ್ಜಿಯ ಧ್ವನಿ ಬಂತು. ಮಡಿಯಲ್ಲಿದ್ದ ಅಜ್ಜಿ ಹೊರಗೆ ಬರುತ್ತಿರಲಿಲ್ಲ, ಧ್ವನಿಗೆ ಆ ನಿರ್ಬಂಧವಿರಲಿಲ್ಲ.

“ಹುಳಿ ಸರಿಯಾಗಿದೆಯೇನಪ್ಪ?”

“ಸರಿಯಾಗಿದೆ ಅಜ್ಜಿ,” ಎಂದ ಹುಡುಗ.

“ನಿಮ್ಮನೇಲೂ ಇದನ್ನೇ ಹಾಕ್ತೀರಾ?”

“ಇಲ್ಲ ಇಲ್ಲ. ಇದು ಸಿಂಥೆಟಿಕ್, ಅಗ್ಗದ್ದು. ನಮ್ಮಲ್ಲಿ ವೈನ್ ವಿನೆಗರ್ರೇ. ಬರ್ತಾ ಬಾಟಲಿಗಳನ್ನ ಅಲ್ಲಿಂದಲೇ ತಂದಿದೀನಿ.”

“ವೈನ್ ಅಂದ್ರೆ ಏನು?”

ಅತ್ತೆ ನಡುವೆ ಬಾಯಿ ಹಾಕಿ, “ದ್ರಾಕ್ಷಿ ರಸ ಅಮ್ಮ,” ಎಂದರು. ಆದರೆ ತನಗೆ ತಿಳಿದದ್ದನ್ನು ಬೇರೆಯವರು ತಪ್ಪಾಗಿ ಹೇಳಿದರೆ ಹುಡುಗನಿಗೆ ಸಹಿಸಲಾಗುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಅವನೂ ನನ್ನಂಥವನೇ.

“ರಸ ಅಲ್ಲ, ಹೆಂಡಾನೇ ಅಜ್ಜಿ,” ಎಂದ. “ಪೀಪಾಯಲ್ಲಿಟ್ಟು ಹುಳಿ ಬರಿಸ್ತಾರೆ.”

ಅವನ ತಾಯಿ, “ಬೇರೆ ಕಪಾಟಲ್ಲಿಟ್ಟಿದೀವಿ, ದೇವರ ಮನೆ ಹತ್ರ ತರಲ್ಲ,” ಎಂದು ಸಣ್ಣ ಧ್ವನಿಯಲ್ಲಿ ಸೇರಿಸಿದರು.

“ತಪ್ಪು ತಿಳ್ಕೋಬೇಡಿ ತಾಯಿ,” ಎಂದರು ಅಜ್ಜಿ. “ನಮ್ಮ ಹುಡುಗಿ ಆಸಿಡ್ ತಿಂದು ಬೆಳೆದೋಳು. ಹೆಂಡ ಹಾಕೋ ಮನೆಗೆ ನಾವು ಹೆಣ್ಣು ಕೊಡೋ ಹಾಗಿಲ್ಲ. ಪಾಯಸ ಬಡಿಸೇ.”

ಹಿರಿಯರ ಮಡಿಗೆ ಎದುರಾಡುವ ಧೈರ್ಯ ಆ ಕಾಲದಲ್ಲಿ ಯಾರಿಗಿತ್ತು? ಬಂದವರು ಪಾಯಸ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಗೌರವದಿಂದಲೇ ಕಾರು ಹತ್ತಿದರು. ಅತ್ತೆ ಅವರ ಜೊತೆಯಲ್ಲೇ ಹೊರಟರು. ಧೂಳಿನಲ್ಲಿ ನೆರಿಗೆ ಎತ್ತಿಕೊಳ್ಳುವುದನ್ನೂ ಮರೆತಿದ್ದರು. ಅಪ್ಪ ಆರಾಮಕುರ್ಚಿಯಲ್ಲಿ ಬಿದ್ದುಕೊಂಡು, “ಈ ಮಡಿಯಿಂದ ಮನೆ ಹಾಳಾಯ್ತು,” ಎಂದು ಸೂರು ನೋಡಿ ಹೇಳಿದರು. ಅಮ್ಮನ ಕೈಗೆ ಅಷ್ಟರಲ್ಲಿ ಒಂದು ಕುಂಬಳಕಾಯಿ ಸಿಕ್ಕಿತ್ತು.

ನಾನು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅಜ್ಜಿ ಕೊನೆಯಲ್ಲಿ ಒಬ್ಬರೇ ಕುಳಿತು ಊಟ ಮಾಡುತ್ತಿದ್ದರು. ಸಂತೋಷಪಡಲು ನನಗೆ ಇನ್ನೂ ಭಯವಿತ್ತು. ಹೆಂಡದ ದೆಸೆಯಿಂದ ಒಂದು ಸಂಬಂಧ ತಪ್ಪಿತು, ನಿಜ. ಅಪ್ಪನ ಹತ್ತಿರ ಇನ್ನೊಂದು ಜಾತಕವಿತ್ತು.

“ಅಜ್ಜಿ, ಮುಂದಿನ ವಾರ ಬರೋರು ವೈದಿಕರ ಮನೆಯವರಂತೆ,” ಎಂದೆ. “ಮೂರು ಹೊತ್ತು ಸಂಧ್ಯಾವಂದನೆಯಂತೆ. ಅವರ ಮನೇಲಿ ವಿನೆಗರ್ ಇಲ್ಲ, ಏನೂ ಇಲ್ಲ.”

ಅಜ್ಜಿ ಮಜ್ಜಿಗೆ ಅನ್ನ ಕಲಸುತ್ತ, “ನಿನ್ನ ಪರೀಕ್ಷೆ ಮುಗಿಯೋದು ಯಾವಾಗ?” ಎಂದರು.

“ಏಪ್ರಿಲ್ ಕೊನೇಲಿ.”

“ಅಲ್ಲೀವರೆಗೆ ಯಾರು ಬಂದ್ರೂ ಏನಾದ್ರೂ ಒಂದು ಮೈಲಿಗೆ ಸಿಕ್ಕೇ ಸಿಗುತ್ತೆ,” ಎಂದರು. “ಹೋಗು, ಓದ್ಕೋ.”