ನಾಗರತ್ನಕ್ಕನ ಹೊಳೆಯುವ ಪುಡಿ

ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಮೆಟ್ಟಿಲಿಗೆ ಬಲ್ಬ್ ನಿಲ್ಲುವುದಿಲ್ಲ. ಹಾಕಿದ್ದು ಸುಟ್ಟುಹೋಗುತ್ತದೆ, ಇಲ್ಲವೇ ಯಾರಾದರೂ ಬಿಚ್ಚಿಕೊಂಡು ಹೋಗುತ್ತಾರೆ. ಆ ಕತ್ತಲಲ್ಲಿ ಗೋಡೆ ಸವರುತ್ತ ಹತ್ತಿ ಬೆಳೆದವಳು ನಮ್ಮ ದೊಡ್ಡಪ್ಪನ ಮಗಳು ನಾಗರತ್ನಕ್ಕ. ಅದಕ್ಕೇ ಇರಬೇಕು, ದೀಪ ಆರಿಸಿದ ಮೇಲೂ ಹೊಳೆಯುವ ಪುಡಿ ಮಾಡುವುದನ್ನೇ ಅವಳು ಪಿಎಚ್‌ಡಿಗೆ ಆರಿಸಿಕೊಂಡಳು.

ಅವಳ ಲ್ಯಾಬು ಪವಾಯಿ ಕಡೆಯ ಒಂದು ಸಣ್ಣ ಸಂಸ್ಥೆಯಲ್ಲಿ. ಇಂಗಾಲದಿಂದಾದ ಪುಡಿಗಳು ಸಾಮಾನ್ಯವಾಗಿ ಬೆಳಕನ್ನು ನುಂಗಿ, ಅದನ್ನು ಬಿಸಿಯಾಗಿ ಕಳೆದುಕೊಂಡು ಸುಮ್ಮನಾಗುತ್ತವೆ. ಮಂಜುಗಡ್ಡೆಗಿಂತ ತಣ್ಣಗಿಟ್ಟರೆ ಕೆಲವು ಹೊಳೆಯುವುದುಂಟು. ಮುಂಬೈಯ ಅಕ್ಟೋಬರ್ ಸೆಕೆಯಲ್ಲಿ ಹೊಳೆಯಬೇಕೆಂದರೆ ಪುಡಿಗೂ ಹಟ ಬೇಕು. ಅಕ್ಕನ ಪುಡಿಗೆ ಆ ಹಟವಿತ್ತು. ನೇರಳೆ ಬೆಳಕಿನ ಟಾರ್ಚ್ ಹಿಡಿದು ಆರಿಸಿದರೆ ಹಳದಿ ಬೆಳಕು ಉಳಿದುಕೊಳ್ಳುತ್ತಿತ್ತು, ಹೊರಟು ನಿಂತ ಮೇಲೂ ಬಾಗಿಲಲ್ಲಿ ಮಾತು ಮುಗಿಸದ ನೆಂಟರ ಹಾಗೆ.

ಅದನ್ನು ಮನೆಗೆ ತಂದು ತೋರಿಸಿದಾಗ ಅವಳ ತಾಯಿ ಚಂದ್ರವ್ವ ದೊಡ್ಡವ್ವ ಕೇಳಿದ್ದು ಒಂದೇ ಮಾತು.

"ಇದರ ಬೆಳಕಿನಾಗ ಎಷ್ಟು ಮೆಟ್ಟಿಲ ಹತ್ತಬಹುದವಾ?"

"ಈಗ ಎರಡು."

"ಉಳಿದದ್ದಕ್ಕ ಮೊಬೈಲ್ ಐತಿ ಬಿಡು."

ಅಕ್ಕನಿಗೆ ತಾಯಿಯಿಂದ ಬಂದ ಬಳುವಳಿ ತೊಳೆಯುವ ಹುಚ್ಚು. ಚಹಾದ ಕಪ್ಪನ್ನು ಕುಡಿಯುವ ಮೊದಲೂ ತೊಳೆಯುತ್ತಾಳೆ, ಕುಡಿದ ಮೇಲೂ ತೊಳೆಯುತ್ತಾಳೆ. ಲ್ಯಾಬಿನಲ್ಲಂತೂ ತೊಳೆದ ಗಾಜನ್ನು ಕತ್ತಲ ಕೋಣೆಗೆ ಒಯ್ದು, ಟಾರ್ಚ್ ಬಿಟ್ಟು, ಎಲ್ಲಿಯೂ ಚುಕ್ಕೆ ಹೊಳೆಯದಿದ್ದರೆ ಮಾತ್ರ ಕಪಾಟಿಗೆ ಸೇರಿಸುತ್ತಿದ್ದಳು.

ಇಂಥವಳ ಪಕ್ಕದ ಟೇಬಲ್ಲು ಸುಕೇಶನದು. ಕಾಂದಿವಲಿಯಲ್ಲಿ ಬೆಳೆದ ತುಳು ಮನೆಯ ಹುಡುಗ. ಕನ್ನಡ ಆಡಲು ಹೋದರೆ ಅರ್ಧಕ್ಕೆ ಹಿಂದಿ ಬಂದು ಕೈ ಹಿಡಿಯುತ್ತದೆ. ಪಾತ್ರೆ ತೊಳೆಯುವುದನ್ನು ಅವನು ಯಾವಾಗಲೂ ನಾಳೆಗೆ ಇಟ್ಟುಕೊಂಡವನು. ಅವನ ಕಪಾಟನ್ನು ಅವಳು ದೇವನಾರ್ ಕಸದ ಗುಡ್ಡ ಎನ್ನುತ್ತಿದ್ದಳು, ಅವಳ ಸಿಂಕನ್ನು ಅವನು ಧೋಬಿ ಘಾಟ್ ಎನ್ನುತ್ತಿದ್ದ.

ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ನಮ್ಮಲ್ಲಿ ಆ ದಿನದೊಳಗೆ ದುಡಿಯುವ ಸಾಮಾನೆಲ್ಲ ತೊಳೆದಿರಬೇಕು. ದೊಡ್ಡವ್ವ ಕುಕ್ಕರಿನ ಸೀಟಿಯನ್ನೂ ಬಿಡುವುದಿಲ್ಲ. ಅಕ್ಕ ಲ್ಯಾಬಿನ ತಕ್ಕಡಿ, ಓವನ್ ಎಲ್ಲ ಒರೆಸಿ, ಕೊನೆಗೆ ತನ್ನ ಪುಡಿಯನ್ನು ನೋಡಿದಳು. ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಮಾಲು, ತುಸು ಮಾಸಲು ಬಣ್ಣ. ದೇವರ ಮುಂದೆ ಹೀಗೆ ಇಡುವುದು ಹೇಗೆ? ಇದ್ದದ್ದನ್ನೆಲ್ಲ ಬಿಸಿ ದ್ರಾವಕದಲ್ಲಿ ಕರಗಿಸಿ, ತಣಿಸಿ, ಬಿಳಿ ಹರಳು ಕಟ್ಟಿಸಿ ಸೋಸಿಕೊಂಡಳು. ಉಳಿದ ಕಂದು ನೀರಿನ ಫ್ಲಾಸ್ಕನ್ನು ಸುಕೇಶನ ಕೈಗಿತ್ತು, ತ್ಯಾಜ್ಯದ ಡ್ರಮ್ಮಿಗೆ ಸುರಿಯಲು ಹೇಳಿದಳು.

ಪೂಜೆಗೆ ಲ್ಯಾಬಿನವರೆಲ್ಲ ಸೇರಿದರು. ಯಂತ್ರಗಳಿಗೆ ವಿಭೂತಿ ಪಟ್ಟೆ, ಚೆಂಡುಹೂವು. ಆರತಿಯ ಬದಲು ತನ್ನ ಪುಡಿಯೇ ಬೆಳಗಲಿ ಎಂದು ಅಕ್ಕ ದೀಪ ಆರಿಸಿ, ಟಾರ್ಚ್ ಬಿಟ್ಟು, ಅದನ್ನೂ ಆರಿಸಿದಳು. ಕತ್ತಲಲ್ಲಿ ಊದಿನಕಡ್ಡಿಯ ತುದಿಯೊಂದೇ ಕೆಂಪಗೆ ಕಂಡಿತು. ಸ್ವಲ್ಪ ಹೊತ್ತಿಗೆ ಸುಕೇಶನ ದನಿ ಬಂತು.

"ಲೈಟ್ ಗಯಾ ಕ್ಯಾ?"

ಎಲ್ಲರೂ ನಕ್ಕರು. ಗೈಡ್ ಸುಹಾಸ ಸರ್ ಮಾತ್ರ ನಗಲಿಲ್ಲ. ದಸರೆ ಮುಗಿದ ಸೋಮವಾರ ಪಿಎಚ್‌ಡಿ ಕೆಲಸ ನೋಡುವ ಸಮಿತಿ ಬರುತ್ತದೆ, ಪುಡಿ ಹೊಳೆಯದಿದ್ದರೆ ಈ ವಿಷಯ ಬಿಟ್ಟು ಟೈಲ್ಸ್ ಅಂಟು ಪರೀಕ್ಷಿಸುವ ಕೆಲಸಕ್ಕೆ ಸೇರಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದರು. ಅವರು ಮೆತ್ತಗೆ ಹೇಳಿದ್ದು ಬದಲಾಗುವುದಿಲ್ಲ ಎಂಬುದು ಲ್ಯಾಬಿಗೆಲ್ಲ ಗೊತ್ತು.

ಬೆಳಕು ಬರಲಿಲ್ಲ ಅಂದರೆ ಇನ್ನೂ ಹೊಲಸು ಉಳಿದಿದೆ ಎಂದೇ ಅಕ್ಕ ತಿಳಿದಳು. ಮತ್ತೆ ಕರಗಿಸಿದಳು, ಮತ್ತೆ ಸೋಸಿದಳು. ಪುಡಿ ಉಪ್ಪಿನಂತೆ ಬೆಳ್ಳಗಾಯಿತು, ಉಪ್ಪಿನಂತೆಯೇ ಸುಮ್ಮನಿತ್ತು. ದಸರೆಯ ದಿನ ಹೋಳಿಗೆ ಅವಳ ತಾಟಿನಲ್ಲಿ ತಣ್ಣಗಾಯಿತು. ಟೈಲ್ಸ್ ಅಂಟಿನ ಸಂಗತಿ ಕೇಳಿದ ದೊಡ್ಡವ್ವ, ಅದೂ ಛಲೋ ಕೆಲಸವೇ, ನಮ್ಮ ಬಚ್ಚಲದಲ್ಲಿ ಎರಡು ಎದ್ದಿವೆ ಎಂದಳು. ಅಕ್ಕ ಎದ್ದು ಹೋಗಿ ಕತ್ತಲ ಮೆಟ್ಟಿಲಿನ ಮೇಲೆ ಕೂತಳು.

ಶನಿವಾರ ಲ್ಯಾಬಿನಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಸಂಕಟ ಬಂದಾಗ ಅವಳಿಗೆ ಗೊತ್ತಿರುವುದು ಒಂದೇ, ತೊಳೆಯುವುದು. ತನ್ನದೆಲ್ಲ ತೊಳೆದಾಗಿತ್ತು, ಸುಕೇಶನ ಕಪಾಟಿಗೆ ಕೈ ಹಾಕಿದಳು. ಹಿಂದಿನ ಸಾಲಿನಲ್ಲಿ ಅವಳದೇ ಫ್ಲಾಸ್ಕು. ಡ್ರಮ್ಮಿಗೆ ಹೋಗದ ಆ ಕಂದು ನೀರು ಆರಿ, ತಳದಲ್ಲಿ ಹಕ್ಕಳೆಯಾಗಿತ್ತು. ಎಷ್ಟು ತಿಕ್ಕಬೇಕಾದೀತು ನೋಡೋಣ ಎಂದು ಬೈದುಕೊಳ್ಳುತ್ತ ಕತ್ತಲ ಕೋಣೆಗೆ ಒಯ್ದು, ಟಾರ್ಚ್ ಬಿಟ್ಟು ಆರಿಸಿದಳು.

ಹಕ್ಕಳೆ ಹಳದಿಯಾಗಿ ಹೊಳೆಯುತ್ತಿತ್ತು. ಆರಲು ಮನಸ್ಸೇ ಇಲ್ಲದಂತೆ.

ಅಷ್ಟರಲ್ಲಿ ಬಾಗಿಲು ತೆರೆದು ನಿಂತ ಸುಕೇಶನಿಗೆ ಮೊದಲು ಕಂಡದ್ದು ಆ ಫ್ಲಾಸ್ಕು.

"ಸಾರಿ, ಕಲ್ ಧೋನೇವಾಲಾ ಥಾ. ಕೊಡು, ಈಗಲೇ ತೊಳೀತೇನೆ."

ಅವಳು ಫ್ಲಾಸ್ಕನ್ನು ಕೂಸಿನಂತೆ ಎದೆಗೆ ಒತ್ತಿಕೊಂಡಳು. "ಮುಟ್ಟಬ್ಯಾಡ. ಅದರಾಗೇ ಐತಿ ನನ್ನ ಬೆಳಕು."

ಡಾಂಬರಿನಿಂದ ಬರುವಾಗ ಪುಡಿಯ ಜೊತೆ ತಂಗಿಯಂಥ ಇನ್ನೊಂದು ವಸ್ತು ಚಿಟಿಕೆಯಷ್ಟು ಬಂದಿತ್ತು. ಹಿಡಿದ ಬೆಳಕನ್ನು ತಡೆದಿಡುತ್ತಿದ್ದುದು ಆ ಜೋಡಿ. ತಂಗಿಯನ್ನು ಹೊಲಸೆಂದು ಹೊರಗೆ ಹಾಕಿದ ಮೇಲೆ ಅಕ್ಕನಂಥ ಪುಡಿ ಒಂದೇ ಏನು ಹೊಳೆದೀತು? ನಾಗರತ್ನಕ್ಕ ಹಕ್ಕಳೆಯಿಂದ ಒಂದು ಚೂರು ಕೆರೆದು, ಬಿಳಿ ಪುಡಿಯೊಂದಿಗೆ ಕರಗಿಸಿ ಮತ್ತೆ ಹರಳು ಕಟ್ಟಿಸಿದಳು.

ಸೋಮವಾರ ಪುಡಿ ಹೊಳೆಯಿತು. ಪುಡಿ ಎಷ್ಟು ಶುದ್ಧ ಎಂದು ಸಮಿತಿಯವರು ಕೇಳಿದರಂತೆ. ಬೇಕಾದಷ್ಟು ಅಶುದ್ಧ ಇದೆ ಎಂದು ಇವಳು ಹೇಳಿ, ಆ ಹೊಲಸಿಗೊಂದು ಹೆಸರು ಹುಡುಕುವುದೇ ಮುಂದಿನ ಕೆಲಸ ಎಂದಳಂತೆ. ಅವರು ಒಪ್ಪಿದರು. ಟೈಲ್ಸ್ ಅಂಟಿಗೆ ಬೇರೆ ಯಾರನ್ನೋ ನೋಡುವುದಾಗಿ ಸುಹಾಸ ಸರ್ ಮೆತ್ತಗೆ ಹೇಳಿದರು.

ಅಕ್ಕ ಆ ಫ್ಲಾಸ್ಕಿಗೆ ವಿಭೂತಿ ಹಚ್ಚಿ, ಸುಕೇಶನ ಕೈಗೆ ದಸರೆಯಂದು ಬಂಗಾರವೆಂದು ಹಂಚುವ ಬನ್ನಿ ಎಲೆಯನ್ನು ತಡವಾಗಿ ಕೊಟ್ಟು, ಬಂಗಾರದ್ಹಂಗ ಇರೋಣು ಎಂದಳು. ಅಷ್ಟು ಮರ್ಯಾದೆ ಎಂದೂ ಕಾಣದ ಅವನು ಗಾಬರಿಯಾಗಿ, ಅಂಗಿಯ ತೋಳು ಮಡಚಿ, ತನ್ನ ಕಪಾಟಿನ ಪಾತ್ರೆಗಳನ್ನೆಲ್ಲ ಹೊತ್ತು ಸಿಂಕಿನ ಕಡೆ ಹೊರಟ.

"ಕೂಡ್ರು ಸುಮ್ಮ," ಎಂದಳು ಅಕ್ಕ, ಟಾರ್ಚ್ ಹುಡುಕುತ್ತ. "ಮೊದಲು ನಾ ನೋಡತೀನಿ."